ಒಂದೇ ಡಿವಿಡಿಗೆ ಹಿಡಿಸದ ಮದುವೆ

ಮಾರ್ಚ್ 12, ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಮಳವಳ್ಳಿ ಠಾಣೆಗೆ ಬಂದ ಸ್ಟುಡಿಯೊ ಮಾಲೀಕ ಜಯಪ್ರಕಾಶ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವನ ಮೇಜಿನ ಮೇಲಿದ್ದ ಹಾರ್ಡ್ ಡಿಸ್ಕ್ ಕಳುವಾಗಿತ್ತು. ಎರಡು ವರ್ಷದಿಂದ ತೆಗೆದ ಮದುವೆ ವಿಡಿಯೊಗಳೆಲ್ಲ ಅದರಲ್ಲೇ ಇದ್ದವು. ಸಬ್ ಇನ್‌ಸ್ಪೆಕ್ಟರ್ ಕವಿತ ದೂರು ಪಡೆದು ಎಫ್‌ಐಆರ್ ದಾಖಲಿಸಿದರು. ಊರವರ ಮದುವೆಗಳನ್ನೇ ಹೊತ್ತೊಯ್ಯುವ ಕಳ್ಳ ಎಂಥವನಪ್ಪ ಎಂದು ಅವರಿಗೆ ಒಳಗೊಳಗೇ ನಗು.

ಸ್ಟುಡಿಯೊದ ಬೀಗ ಒಡೆದಿರಲಿಲ್ಲ. ಕ್ಯಾಮೆರಾಗಳು ಇದ್ದಲ್ಲೇ ಇದ್ದವು.

"ನಿನ್ನೆ ಯಾರ್ಯಾರು ಬಂದಿದ್ರು?"

"ಫೋಟೊ ತೆಗುಸ್ಕಳೋರು, ಮೇಡಂ. ಆಮೇಲೆ ಚಿಕ್ಕರಸಿನಕೆರೆ ಹೊನ್ನಯ್ಯ. ಮಗನ ಮದ್ವೆದು ಪೂರ್ತಿ ವಿಡಿಯೊ ಬೇಕು ಅಂತ ಸುಮಾರು ಸಲ ಬಂದವ್ರೆ."

"ಕೊಡಲಿಲ್ವಾ?"

"ಡಿವಿಡಿ ಯಾವತ್ತೋ ಕೊಟ್ಟಾಗದೆ. ಹಳೆ ಫೈಲು ಅಳಿಸೋಗಿರ್ಬೋದು, ಹುಡ್ಕಕ್ಕೆ ಪುರಸೊತ್ತಿಲ್ಲ ಅಂದ್ಬುಟ್ಟೆ."

ಒಯ್ದವನು ಹೊನ್ನಯ್ಯನೇ ಆದರೆ ಡಿವಿಡಿ ಮಾಡಿಸಲು ಹೋಗಿಯೇ ಹೋಗುತ್ತಾನೆ. ಈಗಲೂ ಡಿವಿಡಿ ಮಾಡಿಕೊಡುವ ಅಂಗಡಿಗಳು ಬೆರಳೆಣಿಕೆಯಷ್ಟು. ಕಾನ್‌ಸ್ಟೆಬಲ್ ಹೇಮಂತ್ ಮಂಡ್ಯ, ಮದ್ದೂರಿನ ಅಂಗಡಿಗಳಿಗೆಲ್ಲ ಫೋನ್ ಮಾಡಿ ಹೇಳಿಟ್ಟ. ಮಧ್ಯಾಹ್ನ ಮದ್ದೂರಿನ ಸ್ವರೂಪ್ ಎಂಬ ಅಂಗಡಿಯವನ ಕರೆ ಬಂತು. ಹಿರಿಯರೊಬ್ಬರು ಹಾರ್ಡ್ ಡಿಸ್ಕ್ ಹಿಡಿದು ಬಂದು ಕೂತಿದ್ದಾರಂತೆ.

ಅಂಗಡಿ ಮುಂದೆ ಪೊಲೀಸ್ ಜೀಪು ನಿಂತದ್ದು ಕಂಡರೂ ಒಳಗೆ ಕೂತಿದ್ದ ಹೊನ್ನಯ್ಯ ಜಾಗ ಬಿಟ್ಟು ಏಳಲಿಲ್ಲ.

"ಯಜಮಾನ್ರೆ, ಇದು ಯಾರ್ದು?"

"ಸ್ಟುಡಿಯೊದವನ್ದು ಕಣವ್ವ. ನಾನೇ ಎತ್ಕಬಂದೆ."

"ಯಾಕೆ?"

"ವಿಡಿಯೊ ಉದ್ದ ಆಯ್ತು, ಒಂದು ಡಿವಿಡಿಗೆ ಹಿಡಿಸಲ್ಲ ಅಂದಿದ್ದ. ಕುಗ್ಸುದ್ರೆ ಮುಖ ಮಸುಕಾಯ್ತದೆ, ಎಲ್ಡು ಮಾಡ್ಲಾ ಅಂದ. ಒಂದೇ ಸಾಕು, ಎಂಗಸ್ರು ಸೋಬಾನೆ ಕಿತ್ತಾಕು, ಅದ್ನ ಯಾರು ಕೇಳಾರು ಅಂದೆ. ಚಪ್ಪರದ ದಿನ ಮುಂದೆ ನಿಂತು ಹಾಡ್ದೋಳು ನನ್ನೆಡ್ತಿನೇ. ನಾನು ಅಂಗಂದಾಗ ಅಲ್ಲೇ ಪಕ್ಕದಲ್ಲಿದ್ಲು."

ಅವನ ಹೆಂಡತಿ ಯಶೋದಮ್ಮ ಈ ಸಂಕ್ರಾಂತಿ ಕಳೆದ ಮೇಲೆ ತೀರಿಹೋಗಿದ್ದಳು. ಅವಳ ದನಿ ಇನ್ನೆಲ್ಲೂ ಉಳಿದಿರಲಿಲ್ಲ.

ಪಂಚ ಸಾಕ್ಷಿಗಳ ಎದುರು ಹಾರ್ಡ್ ಡಿಸ್ಕ್ ತೆರೆಸಿದರು. ಮಗ ಸಂತೋಷನ ಮದುವೆಯ ಫೈಲು ಅಳಿಸಿರಲಿಲ್ಲ. ಸ್ವರೂಪ್ ಅದನ್ನು ಒತ್ತಿದ. ತುಸು ಒಡಕಾದ, ದೊಡ್ಡ ದನಿಯೊಂದು ಅಂಗಡಿ ತುಂಬಿತು. ಯಶೋದಮ್ಮ ಹಾಡಿನ ಮಧ್ಯೆ ಗಂಡನ ಹೆಸರು ಸೇರಿಸಿ ಛೇಡಿಸಿದಳು, ಸುತ್ತಲಿನ ಹೆಂಗಸರು ಗೊಳ್ಳೆಂದರು. ಹೊನ್ನಯ್ಯ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಕಳುವಾದ ಡಿಸ್ಕ್ ಇದೇ ಎಂದು ಗುರುತು ಹಚ್ಚಲು ಒಂದು ನಿಮಿಷ ಸಾಕಿತ್ತು. ಕವಿತ ಹಾಡು ಮುಗಿಯುವವರೆಗೂ ನಿಲ್ಲಿಸಗೊಡಲಿಲ್ಲ.

"ಒಂದು ಡಿವಿಡಿ ಮಾಡ್ಕೊಡ್ಲಾ ಮೇಡಂ?" ಸ್ವರೂಪ್ ಮೆಲ್ಲಗೆ ಕೇಳಿದ.

"ಜಪ್ತಿ ಮಾಲು. ಈಗ ಮುಟ್ಟೋ ಹಾಗಿಲ್ಲ."

ಹಾರ್ಡ್ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿದರು. ಪಂಚನಾಮೆ ಮುಗಿದು, ಸಂಜೆ ನಾಲ್ಕೂವರೆಗೆ ಹೊನ್ನಯ್ಯನ ಬಂಧನವಾಯಿತು.

"ಅದ್ನ ಯಾವಾಗ ಕೊಟ್ಟೀರವ್ವ?"

"ಕೋರ್ಟು ಹೇಳ್ದಾಗ."

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳಲು ಕೂತ ಕವಿತ ಅವರಿಗೆ ಹೊನ್ನಯ್ಯ ಕೈಮುಗಿದ. "ಕದ್ದುದ್ದ ಆಮೇಲೆ ಬರ್ಕಳವ್ವ. ಅವ್ಳ ಹಾಡು ಬ್ಯಾಡ ಅಂದೋನು ಇವ್ನೇ ಅಂತ ಮೊದ್ಲು ಬರ್ಕೊ."

ಕವಿತ ಹಾಗೆಯೇ ಬರೆದುಕೊಂಡರು.