ಕೆಂಪು ವಸ್ತ್ರದ ಗಂಟು ಬಿಚ್ಚಿದವಳು

ತುಂಬಾ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಕೊಂಬಾಳವೆಂಬ ರಾಜ್ಯದಲ್ಲಿ ಒಂದು ದೊಡ್ಡ ಪುಸ್ತಕದ ಮನೆಯಿತ್ತು. ಅಲ್ಲಿ ಸಾವಿರ ಓಲೆಗರಿಯ ಪುಸ್ತಕಗಳು. ಒಂದೊಂದನ್ನೂ ಎರಡು ಹಲಗೆಗಳ ನಡುವೆ ಇಟ್ಟು, ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿ, ದಿನಾ ಅರಿಸಿನ ಕುಂಕುಮ ಹಚ್ಚಿ ಮಂಗಳಾರತಿ ಎತ್ತುತ್ತಿದ್ದರು. ಬಿಚ್ಚಿ ಓದುತ್ತಿದ್ದರೇ? ಶಿವ ಶಿವಾ, ಪೂಜೆಯ ವಸ್ತುವನ್ನು ಯಾರಾದರೂ ಬಿಚ್ಚುತ್ತಾರೆಯೇ!

ಬಿಚ್ಚುವ ಅಪ್ಪಣೆ ಇದ್ದದ್ದು ಕೇತಲೆ ಎಂಬ ಹುಡುಗಿಗೆ ಮಾತ್ರ. ಹುಳ ಹಿಡಿಯದಂತೆ ದಿನಕ್ಕೊಂದು ಪುಸ್ತಕದ ಗರಿಗಳಿಗೆ ಎಣ್ಣೆ ಸವರುವುದು ಅವಳ ಕೆಲಸ, ಶುರುವಾಗಿ ಇನ್ನೂ ಒಂದು ವರ್ಷವಷ್ಟೇ ಆಗಿತ್ತು. ಸವರುತ್ತಾ ಸವರುತ್ತಾ ಓದಿಬಿಡುತ್ತಿದ್ದಳು. ಓದಬೇಡ ಎಂದು ಯಾರೂ ಹೇಳಿರಲಿಲ್ಲ, ಓದಿಯಾಳು ಎಂದು ಯಾರಿಗೂ ಹೊಳೆದೇ ಇರಲಿಲ್ಲ. ಅಕ್ಷರ ಕಲಿಸಿದವನು ಅವಳ ಅಪ್ಪ ಬಾಚಣ್ಣ. ಅವನು ಅಲ್ಲೇ ಲಿಪಿಕಾರ, ಗಂಟು ಕಟ್ಟುವ ಮುಂಚೆ ನೂರು ಪುಸ್ತಕ ನಕಲು ಮಾಡಿಕೊಟ್ಟವನು. ಆದರೆ ಕೈ ಬರೆಯುವಾಗ ತಲೆ ಮಧ್ಯಾಹ್ನದ ಊಟದ ಕಡೆ ಇರುತ್ತಿತ್ತು, ಪಾಪ.

ಒಂದು ದಿನ ಉರಿಗಣ್ಣನೆಂಬ ಮಾಂತ್ರಿಕ ಬಂದು ಪುಸ್ತಕದ ಮನೆಯನ್ನು ವಶ ಮಾಡಿಕೊಂಡ. ಮೊದಲ ಬಾಗಿಲಿಗೆ ಹುಲಿ, ಎರಡನೆಯದಕ್ಕೆ ಏಳು ಹೆಡೆಯ ಹಾವು, ಮೂರನೆಯದಕ್ಕೆ ತಾನೇ ಕೂತ. ಡಂಗುರ ಹೊಡೆಸಿದ. ಇಷ್ಟವಾದ ಪುಸ್ತಕ ಯಾವುದು, ಅದನ್ನು ಯಾಕೆ ಓದಬೇಕು, ಮೂರು ಬಾಗಿಲಲ್ಲೂ ನಿಜ ಹೇಳಿದರೆ ಎಲ್ಲ ವಾಪಸ್. ಸುಳ್ಳು ಹೇಳಿದವರು ಮರದ ಹಲಗೆಯಾಗುತ್ತಾರೆ. ಅಮಾವಾಸ್ಯೆಯೊಳಗೆ ಯಾರೂ ಗೆಲ್ಲದಿದ್ದರೆ ಪುಸ್ತಕ, ಹಲಗೆ ಎಲ್ಲವೂ ಬೆಂಕಿಗೆ.

ರಾಜಗುರು ಮೊದಲು ಹೋದರು. ನವರಸಭರಿತ ಗ್ರಂಥವೊಂದಿದೆ ಅಂದರು, ಹಲಗೆಯಾದರು. ಮಂತ್ರಿ ಹೋದ. ಎಲ್ಲರೂ ಓದಲೇಬೇಕಾದ ಮಹಾಕೃತಿ ಅಂದ, ಅವನೂ ಹಲಗೆ. ರಾಜನಿಗೆ ಸರಿಯಾಗಿ ಆ ಹೊತ್ತಿಗೇ ಜ್ವರ ಬಂತು. ನೂರು ಪುಸ್ತಕ ಬರೆದವನಲ್ಲವೇ ಎಂದು ಬಾಚಣ್ಣನನ್ನು ತಳ್ಳಿದರು. ಅವನೂ ಅಮೃತ, ಗಿಮೃತ ಅಂದು ಹಲಗೆಯಾದ.

ಕೇತಲೆ ಒಂದಿಡೀ ದಿನ ಅತ್ತಳು. ಆಮೇಲೆ ಸಿಟ್ಟು ಬಂತು. ನೂರರಲ್ಲಿ ಒಂದನ್ನಾದರೂ ಓದಬಾರದಿತ್ತೇ ಈ ಅಪ್ಪ? ಸಿಟ್ಟಿನಲ್ಲೇ ಎದ್ದು ಹೊರಟಳು. ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು.

"ಯಾವ ಪುಸ್ತಕ? ಯಾಕೆ ಓದಬೇಕು?" ಎಂದಿತು ಹುಲಿ.

"ಅಡುಗೆ ಪುಸ್ತಕ," ಎಂದಳು ಕೇತಲೆ. "ಬರೆದಾಕೆ ಸ್ವಂತ ಮಗಳ ಮದುವೆಯಲ್ಲಿ ಪಾಯಸ ಸೀದುಹೋದದ್ದನ್ನೂ ಮುಚ್ಚಿಡದೆ ಬರೆದಿದ್ದಾಳೆ. ಅದನ್ನು ಓದಿದ ಮೇಲೆ ನನಗೆ ಒಲೆ ಮುಂದೆ ಕೈ ನಡುಗಿಲ್ಲ."

ಹುಲಿ ಪಕ್ಕಕ್ಕೆ ಸರಿಯಿತು.

"ಯಾವ ಪುಸ್ತಕ? ಯಾಕೆ ಓದಬೇಕು?" ಎಂದಿತು ಹಾವು, ಏಳು ಬಾಯಲ್ಲೂ.

ಕೇತಲೆ ಒಂದು ಯುದ್ಧದ ಕಾವ್ಯ ಹೇಳಿದಳು. ಬಾಣಗಳ ವರ್ಣನೆ ಬೇಜಾರು, ಹಾರಿಸಿ ಓದಿದೆ ಎಂದೂ ಒಪ್ಪಿಕೊಂಡಳು. ಆದರೆ ಮಧ್ಯದಲ್ಲಿ ಒಬ್ಬ ಮಾವುತ ಶತ್ರುವಿನ ಆನೆಯ ಗಾಯ ತೊಳೆಯುತ್ತಾನೆ. ಆಚೆ ಕಡೆಯವರಿಗೂ ನೋವಾಗುತ್ತದೆ ಅಂತ ತನಗೆ ತಿಳಿದದ್ದೇ ಆ ಇಪ್ಪತ್ತು ಸಾಲಿನಲ್ಲಿ, ಅಷ್ಟಕ್ಕಾಗಿ ಉಳಿದದ್ದನ್ನೆಲ್ಲ ಸಹಿಸಬಹುದು ಅಂದಳು. ಹಾವು ಏಳೂ ಹೆಡೆ ಇಳಿಸಿತು.

ಮೂರನೇ ಬಾಗಿಲಲ್ಲಿ ಉರಿಗಣ್ಣ ಯಾವ ಪುಸ್ತಕ ಎಂದು ಕೇಳಲಿಲ್ಲ. ಒಂದು ಪುಸ್ತಕ ತಂದು ಅವಳ ಕೈಗಿಟ್ಟ, ಇದನ್ನು ಯಾಕೆ ಓದಬೇಕು ಹೇಳು ಅಂದ. ಎಣ್ಣೆಯ ಸರದಿ ಇನ್ನೂ ಬರದಿದ್ದ ಪುಸ್ತಕ ಅದು. ಬಿಚ್ಚಿದರೆ ಮೊದಲ ಗರಿಯಲ್ಲೇ ಅವನ ಹೆಸರು. ಅವಳು ಅಲ್ಲೇ ಕೂತು ಸಂಜೆಯವರೆಗೂ ಓದಿದಳು, ಅವನು ಶತಪಥ ಹಾಕಿದ. ಗೋಡೆಗೆ ಒರಗಿಸಿದ್ದ ಮೂರು ಹಲಗೆಗಳಲ್ಲಿ ಒಂದು ಅವಳ ಅಪ್ಪ. ಹೊಗಳಿದರೆ ತಾನೂ ಹಲಗೆ, ತೆಗಳಿದರೆ ಇವನು ಬಿಡುತ್ತಾನೆಯೇ? ಆದರೂ ಕೇತಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಮೊದಲ ನಲವತ್ತು ಗರಿ ಬೇಜಾರು, ಸ್ವಾಮಿ. ಬರೀ ನಿಮ್ಮನ್ನು ನೀವೇ ಹೊಗಳಿಕೊಂಡಿದ್ದೀರಿ. ಆದರೆ ಕಣ್ಣು ಹೋದ ಮೇಲೂ ನಿಮ್ಮ ತಾಯಿ ಅಕ್ಕಿ ಆರಿಸುವುದು ಬಿಡಲಿಲ್ಲ, ಅವರ ಮನಸ್ಸು ನೋಯದಿರಲಿ ಅಂತ ನೀವು ಮೊದಲೇ ಕಲ್ಲು ಆರಿಸಿ ಮೊರ ಮುಂದಿಡುತ್ತಿದ್ದಿರಿ ಅಂತ ಬರೆದಿದ್ದೀರಲ್ಲ, ಅದನ್ನು ಎರಡು ಸಲ ಓದಿದೆ. ನನಗೆ ಅಮ್ಮ ಇಲ್ಲ. ಅಳು ಬಂತು. ಅದಕ್ಕೋಸ್ಕರ ಇದನ್ನು ಓದಬೇಕು."

ಮೂವತ್ತು ವರ್ಷದ ಹಿಂದೆ ಉರಿಗಣ್ಣ ಈ ಪುಸ್ತಕ ತಂದುಕೊಟ್ಟಾಗ ಅವನ ಕಣ್ಣೆದುರೇ ಕುಂಕುಮ ಹಚ್ಚಿ ಗಂಟು ಕಟ್ಟಿದ್ದರು. ವರ್ಷ ವರ್ಷ ಬಂದು ಕೇಳಿದರೆ, ಅದ್ಭುತ, ಅದ್ಭುತ ಅನ್ನುತ್ತಿದ್ದರು. ಗಂಟು ಮಾತ್ರ ಹಾಗೇ ಇತ್ತು. ಆ ಸಂಕಟವೇ ಅವನನ್ನು ಮಾಂತ್ರಿಕನನ್ನಾಗಿ ಮಾಡಿತ್ತು.

"ಎರಡು ಸಲವೇ?" ಎಂದ.

"ಎರಡು ಸಲ," ಎಂದಳು.

ಅವನು ನೆಲದ ಮೇಲೆ ಕೂತು ಅತ್ತ. ಅಳುತ್ತಿದ್ದಂತೆ ಮಾಯೆ ಕರಗಿತು. ಹುಲಿ ಕಾಡಿಗೆ ಹೋಯಿತು, ಹಾವು ಹುತ್ತಕ್ಕೆ ಹೋಯಿತು, ಹಲಗೆಗಳು ಮೈಮುರಿದು ಎದ್ದು ನಿಂತವು. ಕೇತಲೆ ಅಪ್ಪನನ್ನು ತಬ್ಬಿಕೊಂಡು ಬೈದಳು, ಬೈದು ಮತ್ತೆ ತಬ್ಬಿಕೊಂಡಳು.

ರಾಜನ ಜ್ವರವೂ ಇಳಿಯಿತೆನ್ನಿ. ಇನ್ನು ಮೇಲೆ ದಿನಾ ಒಂದು ಪುಸ್ತಕ ಬಿಚ್ಚಿ ಓದಿದ ಮೇಲೆಯೇ ಮಂಗಳಾರತಿ ಎಂದು ಅಪ್ಪಣೆ ಮಾಡಿದ. ಕೊಂಬಾಳದ ಜನ ಓದುತ್ತಾ, ಇಷ್ಟವಾದದ್ದಕ್ಕೆ ಜಗಳವಾಡುತ್ತಾ ಸುಖವಾಗಿ ಬಾಳಿದರು. ಉರಿಗಣ್ಣ ಮಂತ್ರ ಬಿಟ್ಟು ಇನ್ನೂ ಮೂರು ಪುಸ್ತಕ ಬರೆದ. ಮೂರನ್ನೂ ಮೊದಲು ಕೇತಲೆಯ ಕೈಗೆ ಕೊಟ್ಟು, ಅವಳು ಓದಿ ಮುಗಿಸುವವರೆಗೂ ಬಾಗಿಲಾಚೆ ಕೂತಿರುತ್ತಿದ್ದ.