ತೆರೆದ ಅಗಸಿ

ಶಹಾಬಾದ್ ಬಿದ್ದ ದಿನ ಕೌಸ್ತುಭ ಎಂದಿನಂತೆ ಊಟ ಮಾಡಿದ್ದ. ವಾಡಿ ಬಿದ್ದ ದಿನ ಅರ್ಧಕ್ಕೇ ಎದ್ದಿದ್ದ. ಚಿಂಚೋಳಿ ಬಿದ್ದಾಗ ತಾಯಿ ಸರಸ್ವತಿಬಾಯಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದ್ದಳು. ಸೇಡಂ ಬಿದ್ದಾಗ ಯಾರೂ ಏನೂ ಕೇಳಲಿಲ್ಲ. ಅಷ್ಟರಲ್ಲಿ ಮನೆಗೆ ಅಭ್ಯಾಸವಾಗಿತ್ತು. ಉಳಿದದ್ದು ಚಿತ್ತಾಪುರ ಒಂದೇ.

ಇವು ಫೋನಿನೊಳಗಿನ ಊರುಗಳು. ಆ ಯುದ್ಧದಾಟಕ್ಕೆ ಸೇರಿದಾಗ ಕೌಸ್ತುಭ ತನ್ನ ಐದು ಕೋಟೆಗಳಿಗೆ ತಾನು ಬಲ್ಲ ಐದು ಊರುಗಳ ಹೆಸರಿಟ್ಟಿದ್ದ. ಆಟಕ್ಕೆ ಅವಸರವಿಲ್ಲ. ದಿನಕ್ಕೆ ಒಬ್ಬನಿಗೆ ಒಂದೇ ಸರದಿ. ಸೂರ್ಯ ಮುಳುಗುವುದರೊಳಗೆ ಆಜ್ಞೆ ಕೊಡಬೇಕು. ಕೊಟ್ಟ ಆಜ್ಞೆ ಹಿಂದಕ್ಕೆ ಬರುವುದಿಲ್ಲ. ವರ್ಷದ ಕೊನೆಯ ಸರದಿ ಮುಗಿದಾಗ ಒಂದು ಕೋಟೆಯಾದರೂ ಉಳಿದವನ ಹೆಸರು ಮುಂದಿನ ವರ್ಷಕ್ಕೆ ನಡೆಯುತ್ತದೆ. ಒಂದೂ ಉಳಿಯದವನ ಹೆಸರು, ಪದವಿ, ಹಳೆಯ ಗೆಲುವು ಎಲ್ಲ ಅಳಿಸಿಹೋಗುತ್ತವೆ. ಬೇಕಾದರೆ ಅವನು ಮತ್ತೆ ಹೊಸಬನಾಗಿ, ಒಂದು ಗುಡಿಸಲಿನಿಂದ ಶುರುಮಾಡಬಹುದು.

ಹೊಸಬನಾಗಿ ಶುರುಮಾಡುವುದನ್ನು ಕೌಸ್ತುಭ ಸಾಕಷ್ಟು ಸಲ ಮಾಡಿದ್ದ. ಪರೀಕ್ಷೆಗಳಲ್ಲಿ, ಕೆಲಸಗಳಲ್ಲಿ, ಒಮ್ಮೆ ಮುರಿದುಬಿದ್ದ ನಿಶ್ಚಿತಾರ್ಥದ ನಂತರ. ಈಗ ಚಿತ್ತಾಪುರದ ಕೋರ್ಟಿನೆದುರು ವಕೀಲರೊಬ್ಬರ ಕಚೇರಿಯಲ್ಲಿ ಬೇರೆಯವರ ಜಗಳಗಳನ್ನು ಟೈಪ್ ಮಾಡುತ್ತಿದ್ದ. ಅವನು ಹಿಡಿದದ್ದನ್ನು ಬಿಡದೆ ಉಳಿಸಿಕೊಂಡಿದ್ದರೆ ಅದು ಆಟದಲ್ಲಿನ ಆ ಹೆಸರು ಮಾತ್ರ.

ಮುತ್ತಿಗೆ ಹಾಕಿದವನು ಸಂತೋಷಕುಮಾರ. ಬೇರೆ ಯಾರಾದರೂ ಆಗಿದ್ದರೆ ಸಹಿಸಬಹುದಿತ್ತು. ಶಹಾಬಾದಿನ ಕಾಲೇಜಿನಲ್ಲಿ ಇಬ್ಬರದೂ ಒಂದೇ ಬೆಂಚು. ಕೋಡ್ಲಾದ ಸಿಮೆಂಟ್ ಕಾರ್ಖಾನೆಗೆ ಇಬ್ಬರೂ ಒಂದೇ ದಿನ ಸಂದರ್ಶನಕ್ಕೆ ಹೋಗಿದ್ದರು. ಅವನು ಒಳಗೆ ಉಳಿದ, ಇವನು ಹೊರಗೆ ಬಂದ. ಅವನನ್ನು ಆಟಕ್ಕೆ ಕರೆತಂದವನೂ ಕೌಸ್ತುಭನೇ, ಒಂದು ಕಡೆಯಾದರೂ ತಾನು ಕಲಿಸುವವನಾಗಿರಬೇಕೆಂದು. ಸಂತೋಷ ಬೇಗ ಕಲಿತ.

ಕಾರ್ತಿಕ ಮುಗಿಯುವ ಹೊತ್ತಿಗೆ ಸೇಡಂ ಬಿದ್ದ ಮೇಲೆ ಕೌಸ್ತುಭನ ಬಳಿ ದಂಡೆನ್ನುವುದು ಉಳಿದಿರಲಿಲ್ಲ. ಆಗ ಅವನು ಬದುಕಿನಲ್ಲೇ ಅತಿ ಧೈರ್ಯದ ಕೆಲಸ ಮಾಡಿದ. ಚಿತ್ತಾಪುರದ ಪಡುವಣ ಅಗಸಿಯನ್ನು, ಕೋಟೆಯ ಹೆಬ್ಬಾಗಿಲನ್ನು, ತೆರೆದಿಟ್ಟ. ಗೋಡೆಯ ಮೇಲಿದ್ದ ನಾಲ್ಕು ಕಾವಲುಗಾರರನ್ನೂ ಕೆಳಗಿಳಿಸಿದ. ಒಳಗಿರುವುದು ಹೊರಗಿನವರಿಗೆ ಕಾಣದು. ಬಲವಿಲ್ಲದವನು ಬಾಗಿಲು ತೆರೆದಿಡುವುದಿಲ್ಲ ಎಂದು ಎದುರಾಳಿ ತರ್ಕಿಸಬೇಕು, ಒಳಗೇನೋ ಹೊಂಚಿ ಕೂತಿದೆ ಎಂದು ಅಂಜಬೇಕು. ಸಂತೋಷ ಅಂಜಿದ. ಅವನ ಕೆಂಪು ದಂಡು ಹೊಳೆ ದಾಟಿ ಅಗಸಿಯ ಎದುರು ಬಂದು ನಿಂತಿತು, ನಿಂತೇ ಇತ್ತು. ಕೌಸ್ತುಭ ಟೈಪ್ ಮಾಡುವಾಗ, ಚಹಾ ಕುಡಿಯುವಾಗ, ತಂದೆಯ ಜೊತೆ ಗುಡಿಯಲ್ಲಿ ಕೂತಾಗ ಕೂಡ ನಕ್ಷೆ ತೆರೆದು ಆ ಕೆಂಪು ಚುಕ್ಕೆಗಳನ್ನು ನೋಡುತ್ತಿದ್ದ. ಅವನ ಮೊಣಕಾಲು ತಾನಾಗಿ ಕುಣಿಯುತ್ತಿತ್ತು.

ಈಗ ಉಳಿದದ್ದು ಒಂದೇ ಸರದಿ. ಅದೇ ಅಪಾಯದ ಸರದಿ. ಕೊನೆಯ ದಿನ ಕಳೆದುಕೊಳ್ಳುವುದೇನೂ ಇರುವುದಿಲ್ಲ. ಎಂಥ ಪುಕ್ಕಲನೂ ಒಮ್ಮೆ ಒಳಗೆ ಇಣುಕಿ ನೋಡುತ್ತಾನೆ. ಸಂತೋಷ ಇಣುಕಿದರೆ ಮುಗಿಯಿತು. ಆದ್ದರಿಂದ ಸಂತೋಷ ಆ ಸರದಿಯನ್ನು ಕೊಡಬಾರದು.

ಸರದಿ ತಪ್ಪಿಸಿದವನ ದಂಡನ್ನು ಆಟದ ಯಂತ್ರವೇ ನಡೆಸುತ್ತದೆ. ಅದಕ್ಕೆ ದಳವಾಯಿ ಎಂದು ಹೆಸರು. ಕೌಸ್ತುಭ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದ. ದೀಪಾವಳಿಯ ವಾರ ಕಾರ್ಖಾನೆಯ ಭಟ್ಟಿ ದುರಸ್ತಿಯಲ್ಲಿ ಸಿಕ್ಕಿಬಿದ್ದು ಸಂತೋಷ ಒಂದು ಸರದಿ ತಪ್ಪಿಸಿದ್ದ. ಆಗ ದಳವಾಯಿ ದಂಡು ತಂದು, ಚಿತ್ತಾಪುರದ ಗೋಡೆಗೆ ಒಂದು ಸುತ್ತು ಹಾಕಿ, ಸಹಿಯಿಲ್ಲದ ಕಡತದೆದುರು ಗುಮಾಸ್ತ ಕೂತ ಹಾಗೆ ಸುಮ್ಮನೆ ಕೂತಿದ್ದ. ಮನುಷ್ಯನಿಗಿಂತ ಯಂತ್ರ ಹೇಡಿ ಎಂದು ಕೌಸ್ತುಭ ಅಂದು ನಕ್ಕಿದ್ದ.

ಕೊನೆಯ ಸರದಿ ಬಂದದ್ದು ಎಳ್ಳಮಾಸಿಯ ದಿನ. ಅಂದು ಈ ಸೀಮೆಯಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ. ಚಂದಾಪುರದಾಚೆಗಿರುವ ಸಂತೋಷನ ಮನೆಯವರ ಹೊಲಕ್ಕೆ ಕೌಸ್ತುಭನಿಗೆ ಪ್ರತಿವರ್ಷ ಕರೆ ಬರುತ್ತಿತ್ತು. ಆ ಹೊಲದಲ್ಲಿ ಸಿಗ್ನಲ್ ಇಲ್ಲ. ಬೇಕಾದವರು ಹಿಂದಿನ ದಿಬ್ಬ ಏರಬೇಕು. ಹೊಲದ ಸುತ್ತ ಚರಗ ಚೆಲ್ಲಲು, ಭೂಮಿಗೆ ಎಡೆ ಎರಚಲು, ಹೊರಡುವ ಮುನ್ನ ಸಂತೋಷ ಬಾವಿಯಲ್ಲಿ ಮೈ ತೊಳೆದು ಧೋತರ ಉಡುತ್ತಾನೆ. ಹೋದ ವರ್ಷ ಅಂಗಿಯನ್ನು ಬಾವಿಯ ಕಟ್ಟೆಯ ಮೇಲೆ ಎಸೆದು ಹೋಗಿದ್ದ, ಫೋನು ಅದರ ಕಿಸೆಯಲ್ಲೇ ಇತ್ತು. ಕಟ್ಟೆಗೆ ಹಾಸಿದ್ದು ಶಹಾಬಾದ್ ಕಲ್ಲು, ನುಣುಪಾದದ್ದು. ಫೋನು ಬಾವಿಗೆ ಬಿದ್ದರೆ ಅದು ಅಪರಾಧವಲ್ಲ, ಅಜಾಗ್ರತೆ. ಬೇರೆ ಫೋನಿನಿಂದ ಆಟದೊಳಗೆ ಹೋಗಲು ಅದೇ ನಂಬರಿಗೆ ಬರುವ ಓಟಿಪಿ ಬೇಕು. ಆ ನಂಬರೂ ನೀರಿನಡಿ ಇರುತ್ತದೆ.

ಬೆಳಿಗ್ಗೆ ಬಸ್ಸಿನಲ್ಲಿ ಅವನು ಸೀಟು ಬದಲಿಸುತ್ತಲೇ ಇದ್ದ. ಸೇಡಂ ದಾಟುವಾಗ ತನ್ನ ಸರದಿ ಕೊಟ್ಟ. ಅಗಸಿ ಮುಚ್ಚಬಹುದಿತ್ತು. ಆದರೆ ಮುಚ್ಚಿದರೆ ಅಂಜಿದ್ದು ಗೊತ್ತಾಗುತ್ತದೆ, ಮತ್ತು ಅಂಜಿದವನ ಮೇಲೆ ನಂತರ ಅನುಮಾನ ಬರುತ್ತದೆ. ಏನನ್ನೂ ಬದಲಿಸದೆ ಒತ್ತಿದ.

"ಬರ್ರಿ ಬರ್ರಿ, ಚಿತ್ತಾಪುರದ ಮಹಾರಾಜರು ಬಂದ್ರು," ಎಂದು ಸಂತೋಷ ಜೋಳದ ಸಾಲಿನಿಂದಲೇ ಕೂಗಿದ. "ಅವ್ವಾ, ಚಾಪಿ ಹಾಸು."

ಅವನ ತಾಯಿ ಭಾಗಮ್ಮ ಸೊಪ್ಪು, ಕಾಳು ಬೆರೆಸಿ ಕುದಿಸಿದ ಭಜ್ಜಿಯ ಗಡಿಗೆ ಇಳಿಸುತ್ತಿದ್ದಳು. "ಯಾಕಪಾ ಕೌಸ್ತುಭ, ಹಿಂಗ ಸೊರಗೀದಿ? ನಿಮ್ಮವ್ವ ಉಣ್ಣಾಕ ಹಾಕಾಂಗಿಲ್ಲೇನು?"

"ಅಂವಗ ನಾ ಮುತ್ತಿಗಿ ಹಾಕೀನಿ ಅವ್ವಾ. ಕಾಳುಕಡಿ, ರಸದ್ ಎಲ್ಲಾ ಬಂದ್ ಆಗ್ಯಾದ."

"ಫೋನಿನ್ಯಾಗ ಇನ್ನಾ ಬಡದಾಡಾಕತ್ತೀರೇನು?" ಎಂದ ಸಂತೋಷನ ತಂದೆ ನಾಗೇಂದ್ರಪ್ಪ. "ನಾನೂ ನಮ್ಮಣ್ಣನೂ ಬದುವಿನ ಜಗಳ ಎರಡು ಪೇಶಿಗೇ ಮುಗಿಸೀವಿ. ನಿಮ್ದು ಯಾವ ಕೋರ್ಟೋ."

ಸಂತೋಷ ಕೌಸ್ತುಭನ ಪಕ್ಕ ಕೂತು ದನಿ ಇಳಿಸಿದ. "ಖರೇ ಹೇಳು. ಅಗಸಿ ಯಾಕ ತೆರದಿಟ್ಟಿ?"

"ಒಳಗ ಬಂದು ನೋಡು."

"ಬರಾಂಗಿಲ್ಲ ಮಾರಾಯ. ಬಾಗಿಲಾ ತೆರದಿಟ್ಟವನ ಮನ್ಯಾಗ ನಾಯಿ ಇರ್ತಾದ."

ಎಲ್ಲ ಹೋದ ವರ್ಷದಂತೆಯೇ ನಡೆಯಿತು. ಸಂತೋಷ ಮೈ ತೊಳೆದ; ಅಂಗಿ ಕಟ್ಟೆಯ ಮೇಲೆ ಬಿತ್ತು; ಕಿಸೆ ಚೌಕಾಗಿ ಉಬ್ಬಿತ್ತು. ಚರಗ ಚೆಲ್ಲುವವರ ಹಿಂದೆ ನೀರು ಹಾಕುತ್ತ ಬರಲು ಕರೆದಾಗ ಕೌಸ್ತುಭ ಮೊದಲೇ ಯೋಚಿಸಿಟ್ಟಿದ್ದ ಕಾಲುನೋವನ್ನು ಹೇಳಿದ. ತಂದೆ ಮಗ ಎಡೆಯ ಬುಟ್ಟಿ, ತಂಬಿಗೆ ಹಿಡಿದು ಜೋಳದೊಳಗೆ ಮರೆಯಾದರು. ಅವರ ಚರಗದ ಕೂಗು ದೂರ ದೂರ ಸರಿಯಿತು. ಭಾಗಮ್ಮ ಬೆನ್ನು ಮಾಡಿ ಎಲೆ ಒರೆಸುತ್ತಿದ್ದಳು. ಅವನು ನೀರು ಕುಡಿಯಲೆಂದು ಎದ್ದ.

"ಕಟ್ಟಿ ಮ್ಯಾಲ ಹುಷಾರಪಾ," ಎಂದಳು ಆಕೆ, ತಿರುಗದೆಯೇ. "ಕಲ್ಲು ಭಾಳ ಜಾರ್ತಾವ."

ಸಾಕ್ಷಿಯೇ ಸಮಜಾಯಿಷಿ ಕೊಟ್ಟಂತಾಯಿತು. ಕೌಸ್ತುಭ ಒಂದು ಬೆರಳಿನಿಂದ ಅಂಗಿಯ ತೋಳನ್ನು ಬಾವಿಯತ್ತ ಎಳೆದ. ಅಂಗಿ ವಾಲಿತು, ಕಿಸೆ ಬಗ್ಗಿತು. ನೀರು ಒಮ್ಮೆ ಬಾಯಿ ತೆರೆದು ಮುಚ್ಚಿತು. ಅಂಗಿಯನ್ನು ಗಾಳಿಗೆ ಜಾರಿದ ಹಾಗೆ ಅರ್ಧ ಇಳಿಬಿಟ್ಟು ಬಂದು ಚಾಪೆಯ ಮೇಲೆ ಕೂತ. ಅದೆಷ್ಟೋ ವಾರಗಳ ನಂತರ ಅವನ ಮೊಣಕಾಲು ನಿಂತಿತು.

ಮರಳಿ ಬಂದ ಸಂತೋಷ ಖಾಲಿ ಕಿಸೆ ಮುಟ್ಟಿ ನೋಡಿದ, ಬಾವಿಗೆ ಬಗ್ಗಿದ, ಬಹಳ ಹೊತ್ತು ಬಗ್ಗಿಯೇ ಇದ್ದ.

"ಹೋಗ್ಲಿ ಬಿಡು," ಎಂದ ನಾಗೇಂದ್ರಪ್ಪ. "ಎಳ್ಳಮಾಸಿ ದಿನ ಗಂಗಮ್ಮಗ ಹೋದದ್ದು ಹೊಳ್ಳಿ ಕೇಳಬಾರದು."

"ನನ್ನ ಫೋನ್ ತಗೋ," ಎಂದ ಕೌಸ್ತುಭ. ಈ ಮಾತನ್ನೂ ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದ.

"ಓಟಿಪಿ ಎಲ್ಲಿ ಬರ್ತಾದ, ಬಾವ್ಯಾಗ?" ಸಂತೋಷ ನಕ್ಕ. ನಂತರ ರೊಟ್ಟಿ ಮುರಿಯುತ್ತ, ಅವನ ಮುಖ ನೋಡದೆ ಹೇಳಿದ: "ಉಂಡ ಮ್ಯಾಲ ದಿಬ್ಬ ಏರಿ ದಂಡು ಹಿಂದ ತಗೋಬೇಕಂತ ಮಾಡಿದ್ದೆ. ನಿಂದು ಒಂದು ಊರಾರ ಉಳೀಲಿ ಅಂತ. ನಿನಗ ಅದು ಎಷ್ಟು ದೊಡ್ಡದು ಅಂಬೋದು ನನಗ ಗೊತ್ತಿಲ್ಲೇನು?"

ಕೌಸ್ತುಭ ಎತ್ತಿದ ತುತ್ತನ್ನು ಎಲೆಗೆ ಇಳಿಸಿದ. ಆಮೇಲೆ ಸಿಟ್ಟು ಬಂತು. ದಾನಕ್ಕೆ ಸಿಕ್ಕ ಕೋಟೆ ಯಾರಿಗೆ ಬೇಕಿತ್ತು? ಹೀಗೆ, ತನ್ನ ಬುದ್ಧಿಯಿಂದ ಉಳಿಸಿಕೊಂಡದ್ದೇ ಮೇಲು. ಭಾಗಮ್ಮ ಇನ್ನೊಂದು ಸಟ್ಟುಗ ಭಜ್ಜಿ ಹಾಕಿದಳು; ಅವನು ಬೇಡವೆನ್ನಲಿಲ್ಲ. ಹೊರಡುವಾಗ ಆಕೆ ಅವನ ತಾಯಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು.

ಬಸ್ಸು ಚಂದಾಪುರ ಬಿಟ್ಟಾಗ ಸೂರ್ಯ ಇನ್ನೂ ತೊಗರಿ ಹೊಲಗಳ ಮೇಲೆ ಗೇಣುದ್ದ ಇದ್ದ. ಸಿಗ್ನಲ್ ಬಂದಿತು, ಹೋಳಿಗೆಯ ಗಂಟಿನ ಪಕ್ಕ ಫೋನು ನಡುಗಿತು. ಎದುರಾಳಿ ಇನ್ನೂ ಬಂದಿಲ್ಲ, ಸೂರ್ಯಾಸ್ತದವರೆಗೆ ಬರದಿದ್ದರೆ ದಳವಾಯಿ ಮುನ್ನಡೆಯುತ್ತಾನೆ ಎಂದಿತ್ತು. ಕೆಳಗೆ ನಕ್ಷೆಯ ಮೇಲೆ ದಳವಾಯಿ ಹಿಡಿಯಲಿರುವ ದಾರಿ: ಅಗಸಿಯೆದುರು ನಿಂತ ದಂಡಿನಿಂದ ಹೊರಟ ಒಂದು ಕೆಂಪು ಬಾಣ, ಎಲ್ಲೂ ಅಂಕುಡೊಂಕಿಲ್ಲದೆ, ಪಡುವಣ ಅಗಸಿಯ ಮೂಲಕ ನೇರ ಚಿತ್ತಾಪುರದ ನಡುವಿಗೆ. ಅಗಸಿ ಮುಚ್ಚಲು ಕೌಸ್ತುಭನ ಸರದಿ ಬೆಳಿಗ್ಗೆಯೇ ಮುಗಿದಿತ್ತು. ಆ ಬಾಣವನ್ನು ತಡೆಯಬಲ್ಲವನು ಒಬ್ಬನೇ, ಫೋನು ಕೈಯಲ್ಲಿದ್ದಿದ್ದರೆ ಅವನು ತಡೆಯುತ್ತಲೂ ಇದ್ದ. ಬೆರಳು ತಾನಾಗಿ ಸಂತೋಷನ ನಂಬರು ಒತ್ತಿತು. ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಹೆಣ್ಣುದನಿ ಸಮಾಧಾನವಾಗಿ ಹೇಳಿತು. ಅವನು ಮತ್ತೆ ಒತ್ತಿದ, ಅದು ಮತ್ತೆ ಹೇಳಿತು. ಕಿಟಕಿಯಾಚೆ ಸೂರ್ಯ ತೊಗರಿಯನ್ನು ಮುಟ್ಟಿದ. ತೆರೆದ ಬಾಗಿಲನ್ನು ಕಂಡು ಒಳಗೆ ನಾಯಿಯಿದ್ದೀತೆಂದು ಯೋಚಿಸಲು ಮನುಷ್ಯನೇ ಬೇಕು. ದೀಪಾವಳಿಯಂದು ದಳವಾಯಿ ಗೋಡೆಗೆ ಸುತ್ತು ಹಾಕಿ ಸುಮ್ಮನೆ ಕೂತದ್ದು ಅಂಜಿ ಅಲ್ಲ. ಅಂದು ಅಗಸಿ ಮುಚ್ಚಿತ್ತು.