ಮಗುಚಿದ ದೋಣಿಗಳ ವಾರ

ಲಾಯೆಫಾ ಸತ್ತದ್ದಕ್ಕಿಂತ ಅವಳನ್ನು ಕಳ್ಳಿ ಎಂದದ್ದು ಡೌಯೆಯ ಎದೆಯನ್ನು ಹೆಚ್ಚು ಸುಡುತ್ತಿತ್ತು. ಸಾವನ್ನಾದರೂ ಅವನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಕಂಪನಿಯ ತುಕ್ಕು ಹಿಡಿದ ಪೈಪು ತಾನಾಗಿ ಒಡೆದು, ಕಚ್ಚಾ ಎಣ್ಣೆ ಒಕೊಲೊಬಿ ಊರಿನ ಹಿನ್ನೀರಿಗೆಲ್ಲ ಹರಡಿ, ಕೆಸರಿನಲ್ಲಿ ಬಗ್ಗಿ ಚಿಪ್ಪುಹುಳ ಆರಿಸುತ್ತಿದ್ದ ಅವನ ಹೆಂಡತಿಯ ಸುತ್ತ ಒಂದೇ ಉಸಿರಿಗೆ ಬೆಂಕಿ ಎದ್ದಿತ್ತು. ಊರಿನವರು ಹೊತ್ತು ತಂದ ಹೆಣವನ್ನು ಅವನು ಗುರುತಿಸಿದ್ದು ಸೊಂಟದ ಮಣಿಗಳಿಂದ.

ಮಣ್ಣು ಮಾಡಿ ಬಂದು ಕೂತಿದ್ದಾಗ ಪಕ್ಕದ ಮನೆಯ ರೇಡಿಯೋದಲ್ಲಿ ಕಂಪನಿಯ ಕ್ಲೆಮೆಂಟ್ ವೊಗು ಮಾತಾಡಿದ. ಊರು ಮತ್ತು ಕಂಪನಿಯ ನಡುವೆ ಸ್ನೇಹ ಬೆಳೆಸಲೆಂದೇ ಸಂಬಳ ತಿನ್ನುವ ಅಧಿಕಾರಿ ಅವನು. "ತುಂಬಾ ದುಃಖದ ಸಂಗತಿ," ಎಂದ, ಬೆಣ್ಣೆಯಂಥ ದನಿಯಲ್ಲಿ. "ಪೈಪಿಗೆ ಏನೂ ಆಗಿರಲಿಲ್ಲ. ಎಣ್ಣೆ ಕದಿಯೋಕೆ ಬಂದೋರು ಕೊಯ್ದಿದ್ದಾರೆ. ಸತ್ತ ಹೆಂಗಸೂ ಅವರ ಜೊತೆಯವಳೇ ಅಂತ ನಮಗೆ ಮಾಹಿತಿ ಇದೆ."

ಮಾಹಿತಿ ಇದೆಯಂತೆ! ಲಾಯೆಫಾ ಒಂದು ಮೆಣಸಿನಕಾಯಿಯನ್ನೂ ಕೇಳದೆ ಕಿತ್ತವಳಲ್ಲ. ಆದರೆ ಇಲ್ಲಿಯ ಕಾನೂನಿಗೆ ಆ ಒಂದು ಮಾತು ಸಾಕಾಗಿತ್ತು. ಪೈಪು ತಾನಾಗಿ ಒಡೆದರೆ ಕಂಪನಿ ಪರಿಹಾರ ಕೊಡಬೇಕು, ಹಿನ್ನೀರನ್ನು ತೊಳೆದು ಕೊಡಬೇಕು. ಕಳ್ಳರು ಕೊಯ್ದರೆ ಏನೂ ಕೊಡಬೇಕಾಗಿಲ್ಲ. ಊರು ಕೋರ್ಟಿಗೆ ಹೋಯಿತು. ಮೀನು ಸತ್ತವು, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರು ಕೊಳೆತವು, ಬಾವಿಯ ನೀರು ಪೆಟ್ರೋಲ್ ಬಂಕಿನ ವಾಸನೆ ಹೊಡೆಯತೊಡಗಿತು, ಮೊಕದ್ದಮೆ ಮಾತ್ರ ವರ್ಷದಿಂದ ವರ್ಷಕ್ಕೆ ಕುಂಟುತ್ತ ಬಂತು. ಈಗ ಕೊನೆಯ ವಿಚಾರಣೆ ಹತ್ತಿರವಾಗಿತ್ತು. ಗೆದ್ದರೆ ನೀರು ಮತ್ತೆ ನೀರಾಗುತ್ತದೆ, ಲಾಯೆಫಾಳ ಹೆಸರಿಗೆ ಅಂಟಿದ ಕಳಂಕ ತುಂಬಿದ ಕೋರ್ಟಿನಲ್ಲೇ ಅಳಿಯುತ್ತದೆ. ಊರೆಲ್ಲ ಅದನ್ನೇ ಕಾಯುತ್ತಿತ್ತು.

ಡೌಯೆಗೆ ಅಷ್ಟರಿಂದ ಹೊಟ್ಟೆ ತುಂಬುವಂತಿರಲಿಲ್ಲ. ಅವನಿಗೆ ವೊಗು ಬೇಕಿದ್ದ. ಅವನನ್ನು ಕೊಲ್ಲುವ ಯೋಚನೆ ಬಂದು ಹೋಗಿತ್ತು. ಕೊಂದರೆ ಸತ್ತವನಿಗೆ ದೊಡ್ಡ ಚರ್ಚಿನಲ್ಲಿ ಹಾಡು, ಹೂವು, ಹೊಗಳಿಕೆ. ಅದಲ್ಲ. ತನ್ನ ಹೆಂಡತಿಯ ಮೇಲೆ ಹಾಕಿದ ಹೆಸರನ್ನೇ ಅವನು ಹೊರಬೇಕು. ಕೈಕೋಳ ತೊಟ್ಟು, ಹೆಂಡತಿ ಮಕ್ಕಳ ಕಣ್ಣೆದುರು, ಪೈಪು ಕೊಯ್ದ ಕಳ್ಳ ಎನ್ನಿಸಿಕೊಂಡು ಅವನು ಬದುಕಬೇಕು. ಹಾಗೆ ಬಹಳ ವರ್ಷ ಬದುಕಲಿ ಎಂದು ಡೌಯೆ ಮನಸಾರೆ ಹರಸಿದ್ದ.

ದಾರಿ ಸಿಕ್ಕಿದ್ದು ನೀರಮ್ಮನ ವಾರದಲ್ಲಿ. ವರ್ಷಕ್ಕೊಮ್ಮೆ ಹಿನ್ನೀರಿನ ತಾಯಿ ಮೈ ನೆನೆಸಿಕೊಳ್ಳುತ್ತಾಳೆ. ಆ ವಾರ ಒಕೊಲೊಬಿಯ ಯಾರೂ ನೀರಿಗೆ ಇಳಿಯುವುದಿಲ್ಲ. ಡೋಲು ಬಾರಿಸಿದ ಕೂಡಲೇ ದೋಣಿಗಳನ್ನೆಲ್ಲ ದಡಕ್ಕೆಳೆದು ಸಾಲಾಗಿ ಮಗುಚಿ ಹಾಕುತ್ತಾರೆ. ಇದನ್ನು ನಡೆಸುವವಳು ಲಾಯೆಫಾಳ ತಾಯಿ ತಿಮಿಯೆಬಿ. ಈ ವಾರದ ಮರ್ಯಾದೆ ಮುರಿದವರು ಸುತ್ತಿನ ಹಳ್ಳಿಗಳಲ್ಲೇ ಇಲ್ಲ. ಸೈನಿಕರಿಗೂ ಅದು ಗೊತ್ತು, ಕೋರ್ಟಿಗೂ ಗೊತ್ತು.

ವೊಗುವಿಗೂ ಗೊತ್ತಿತ್ತು. ಅದಕ್ಕೇ ಅವನು ಪೈಪಿನ ತಪಾಸಣೆಗೆಂದು ವರ್ಷವೂ ಆ ವಾರವೇ ಬರುತ್ತಿದ್ದ. ದೋಣಿಯಲ್ಲಿ ಬಂದು ಬೈಯುವವರಿರುವುದಿಲ್ಲ, ಮುತ್ತಿಗೆ ಹಾಕಲು ಹೆಂಗಸರಿರುವುದಿಲ್ಲ. ಕಂಪನಿಯ ಬಿಳಿ ಸ್ಪೀಡ್‌ಬೋಟನ್ನು ತಾನೇ ಓಡಿಸಿಕೊಂಡು ಬಂದು, ಪೈಪಿನ ಪಕ್ಕದ ಕಟ್ಟೆಗೆ ಕಟ್ಟಿ, ನಾಲ್ಕು ಫೋಟೋ ತೆಗೆದು, ಪೇಟೆಯಿಂದ ತಂದ ಸುಟ್ಟ ಬಾಳೆಕಾಯಿ, ಮೀನು ತಿಂದು, ಬಿಯರ್ ಕುಡಿದು, ಕಾವಲು ಗುಡಿಸಲಿನಲ್ಲಿ ಗೊರಕೆ ಹೊಡೆಯುವುದು ಅವನ ಪದ್ಧತಿ. ಕಂಪನಿ ಕಾವಲಿನವರನ್ನೆಲ್ಲ ಕೆಲಸದಿಂದ ಬಿಡಿಸುವ ಮುಂಚೆ ಡೌಯೆ ಅದೇ ಗುಡಿಸಲಿನಲ್ಲಿ ಕಾವಲಿದ್ದವನು. ಎಲ್ಲಿ ಪೈಪು ಡಬ್ಬಿಯ ತಗಡಿನಷ್ಟು ತೆಳ್ಳಗಾಗಿದೆ ಎಂದು ಆಗಲೇ ಹೇಳಿದ್ದ. ಯಾರೂ ಕಿವಿಗೊಡಲಿಲ್ಲ. ಈಗ ಆ ಜಾಗ ಅವನ ಉಪಯೋಗಕ್ಕೆ ಬಂತು.

ಯೋಜನೆಯನ್ನು ಅವನು ತಿಂಗಳುಗಟ್ಟಲೆ ತಿರುವಿ ನೋಡಿದ್ದ. ಕಂಪನಿಯ ಕೆಂಪು ಬಣ್ಣ ಬಳಿದ ಹಿಡಿಯ ಕಬ್ಬಿಣದ ಗರಗಸ ಒಂದನ್ನು ಗುಡಿಸಲಿನಿಂದ ಎಂದೋ ಎತ್ತಿಟ್ಟಿದ್ದ. ತೆಳುವಾದ ಜಾಗದಲ್ಲಿ ಅದರಿಂದ ಒಂದು ಸೀಳು. ಎಣ್ಣೆ ಚಿಮ್ಮದಂತೆ ಸೀಳಿದಂತೆಲ್ಲ ಮರದ ಬೆಣೆ ಬಡಿಯುವುದು, ಬೆಣೆಗೆ ಹಗ್ಗ. ಗರಗಸ ವೊಗುವಿನ ಬೋಟಿನ ಸೀಟಿನ ಕೆಳಗೆ, ಕಬ್ಬಿಣದ ಪುಡಿಯ ಸಮೇತ. ಆಮೇಲೆ ದೂರದಿಂದ ಹಗ್ಗ ಎಳೆದರೆ ಆಯಿತು. ಪೈಪಿನೊಳಗಿನ ಒತ್ತಡ ಇಳಿದದ್ದು ಆಚೆ ದಡದ ಸೈನಿಕರ ಠಾಣೆಗೆ ಕೂಡಲೇ ತಿಳಿಯುತ್ತದೆ, ಅವರು ಬಂದು ಕವಾಟ ಮುಚ್ಚುತ್ತಾರೆ. ಎಣ್ಣೆ ಹೆಚ್ಚು ಹರಿಯುವುದಿಲ್ಲ. ಸತ್ತ ನೀರು ಇನ್ನೊಂದಿಷ್ಟು ಸಾಯುತ್ತದೆ, ಅಷ್ಟೇ. ಆ ಹೊತ್ತಿಗೆ ಇಡೀ ಹಿನ್ನೀರಿನಲ್ಲಿ ಇರುವುದು ಒಂದೇ ದೋಣಿ, ಅದು ಕಂಪನಿಯದು.

ಯಾಕೆ ಕೊಯ್ದ ಎಂದು ಕೇಳಿದರೆ ಉತ್ತರವೂ ಸಿದ್ಧ. ಊರಿನ ಮೇಲೆ ಹಾಕಿ ಮೊಕದ್ದಮೆ ಗೆಲ್ಲಲು. ಯಾರು ತಾನೇ ನಂಬುವುದಿಲ್ಲ? ಡೌಯೆಗೆ ತನ್ನ ಬುದ್ಧಿಯ ಬಗ್ಗೆ ಒಳಗೊಳಗೇ ಹೆಮ್ಮೆಯಾಯಿತು.

ಆ ವರ್ಷ ಊರಿನ ಪರ ವಾದಿಸುತ್ತಿದ್ದ ಲಾಯರ್ ಉಲೋಮಾ ಹೇಳಿಕೆಗಳನ್ನು ಬರೆದುಕೊಳ್ಳಲು ಊರಿಗೆ ಬಂದವಳು ಡೋಲು ಬಾರಿಸಿದ್ದೇ ತಡ ಅಲ್ಲೇ ಸಿಕ್ಕಿಬಿದ್ದಳು. ಒಕೊಲೊಬಿಗೆ ರಸ್ತೆಯಿಲ್ಲ. ಸಂಜೆ ಚಾವಡಿಯಲ್ಲಿ ಜನ ಅವಳನ್ನು ಗೋಳುಹೊಯ್ದುಕೊಂಡರು.

"ಲಾಯರಮ್ಮಾ, ನೀರಮ್ಮ ನಿಮ್ಮನ್ನ ಬಿಡಲ್ಲ ಅಂತಾಳೆ. ಇಲ್ಲೇ ಯಾರನ್ನಾದ್ರೂ ಕಟ್ಕೊಂಡು ಇದ್ಬಿಡಿ," ಎಂದ ಬಲೆ ಹೆಣೆಯುತ್ತಿದ್ದ ಮುದುಕ.

"ಕಟ್ಕೋತೀನಿ. ಮೊದಲು ನಿಮ್ಮೂರಿಗೆ ಕರೆಂಟ್ ಬರ್ಲಿ."

"ಕರೆಂಟಂತೆ! ನಮ್ಮ ಕಾಲಡಿ ಎಣ್ಣೆ ಯಾವ್ಯಾವ ಊರಲ್ಲೋ ದೀಪ ಹಚ್ಚತ್ತೆ. ನಮಗೆ ಬರೋದು ಕೆಮ್ಮು."

"ಡೌಯೆನ ಕೇಳಿ," ಎಂದಳು ಒಬ್ಬಳು. "ಹೆಂಡತಿ ಹೋದ ಮೇಲೆ ದೋಣಿ ಇಂಜಿನ್ನು ಮಾರಿಬಿಟ್ಟ. ಒಂದು ತೊಟ್ಟು ಪೆಟ್ರೋಲ್ ಮುಟ್ಟಲ್ಲ ಮಹಾನುಭಾವ. ನಾವು ಸಂತೆ ಮುಗಿಸಿ ಬರೋ ಹೊತ್ತಿಗೆ ಇವನು ಇನ್ನೂ ಹುಟ್ಟು ಹಾಕ್ತಾ ಹೋಗ್ತಿರ್ತಾನೆ."

ಎಲ್ಲರೂ ನಕ್ಕರು. ಡೌಯೆಯೂ ನಕ್ಕ. ಹುಟ್ಟಿಗೆ ಸದ್ದಿಲ್ಲ ಎಂಬುದು ಅವನಿಗೊಬ್ಬನಿಗೇ ಆಗ ನೆನಪಾದದ್ದು.

ನಗು ಇಳಿದ ಮೇಲೆ ಉಲೋಮಾ ಹೇಳಿದಳು: "ಒಂದು ಮಾತು ಕಿವಿಗೆ ಹಾಕ್ಕೊಳ್ಳಿ. ಪೈಪ್ ಹತ್ರ ಯಾರೂ ಸುಳೀಬೇಡಿ. ಈ ಊರಿನ ಒಬ್ಬನೇ ಒಬ್ಬ ಅದಕ್ಕೆ ಗರಗಸ ಇಟ್ಟ ಅಂತ ರುಜುವಾದ್ರೂ ನಾವು ಮುಗಿದ್ವಿ. ಹಿಂದಿನದನ್ನೂ ನೀವೇ ಕೊಯ್ದಿದ್ದು ಅಂತಾರೆ. ಆಮೇಲೆ ನಾನು ಬಾಯಿ ಬಡ್ಕೊಂಡ್ರೂ ಕೇಳೋರಿರಲ್ಲ."

"ನಮ್ಮೋರು ಯಾರು ಹೋಗ್ತಾರೆ, ತಾಯಿ," ಎಂದಳು ತಿಮಿಯೆಬಿ. "ಅದೂ ಈ ವಾರ."

ಡೌಯೆ ತಲೆಯಾಡಿಸಿದ. ಲಾಯರಮ್ಮನ ಮಾತು ನಿಜ. ಆದರೆ ಗರಗಸ ಸಿಗುವುದು ಊರಿನವನ ಬಳಿಯಲ್ಲವಲ್ಲ. ಊರನ್ನು ಗೆಲ್ಲಿಸುತ್ತಿರುವವನು ತಾನು ಎಂದೇ ಅವನು ನಂಬಿದ್ದ.

ವಾರದ ಕೊನೆಯ ಹಗಲು ವೊಗು ಬಂದ. ಉತ್ತರದ ಮರಳುಗಾಡಿನಿಂದ ಧೂಳುಗಾಳಿ ಬೀಸುವ ಕಾಲ. ಹಿನ್ನೀರಿನ ಮೇಲೆ ಕಂದು ಮುಸುಕು ಕವಿದು, ಕೂಗಳತೆಯಲ್ಲಿರುವುದೂ ಕಾಣುತ್ತಿರಲಿಲ್ಲ. ಊರೆಲ್ಲ ನೀರಮ್ಮನ ಗುಡಿಯಲ್ಲಿ ಹಾಡುತ್ತಿತ್ತು. ಡೌಯೆಗೆ ಜ್ವರವೆಂದು ಅತ್ತೆಯೇ ಕಷಾಯ ಕಾಸಿಕೊಟ್ಟು ಹೋಗಿದ್ದಳು. ಅವಳನ್ನು ವಂಚಿಸಿದ್ದಕ್ಕೆ ಒಂದು ಗಳಿಗೆ ಅವನಿಗೆ ಸಂಕಟವಾಯಿತು. ಅವಳ ಮಗಳಿಗಾಗಿಯೇ ತಾನೆ ಎಂದುಕೊಂಡು ಎದ್ದ. ಸಾಲಿನಿಂದ ತನ್ನ ದೋಣಿಯನ್ನು ಎತ್ತಿ ನೀರಿಗಿಳಿಸಿ, ಕಾಂಡ್ಲಾ ಗಿಡಗಳ ಸಂದಿನಲ್ಲಿ ಸಾಗಿದ.

ಎಲ್ಲ ಅಂದುಕೊಂಡಂತೆಯೇ ನಡೆಯಿತು. ಗುಡಿಸಲಿನಿಂದ ಗೊರಕೆ ಕೇಳುತ್ತಿತ್ತು. ಪೈಪು ಅವನು ಎಣಿಸಿದ್ದಕ್ಕಿಂತಲೂ ಕೊಳೆತಿತ್ತು, ಗರಗಸಕ್ಕೆ ಕೆಲಸವೇ ಇರಲಿಲ್ಲ. ಇಂಥ ಪೈಪನ್ನು ಗಟ್ಟಿಯೆಂದು ರೇಡಿಯೋದಲ್ಲಿ ಹೇಳಿದೆಯಲ್ಲೋ ಪಾಪಿ ಎಂದು ಹಲ್ಲು ಕಡಿದ. ಗರಗಸವನ್ನು ಬೋಟಿನ ಸೀಟಿನ ಕೆಳಗೆ ತುರುಕಿದ. ತನ್ನ ದೋಣಿಗೆ ಮರಳಿ, ಹಗ್ಗ ಎಳೆದ. ಕಪ್ಪು ಕಾರಂಜಿ ಚಿಮ್ಮಿದಾಗ ಅವನು ನೋಡುತ್ತ ನಿಲ್ಲಲಿಲ್ಲ. ಬೆಣೆ, ಹಗ್ಗ ಎರಡನ್ನೂ ಸುಳಿಯಲ್ಲಿ ಮುಳುಗಿಸಿ, ದಡಕ್ಕೆ ಬಂದು ತೊಟ್ಟಿದ್ದ ಕೈಗವಸು ಸುಟ್ಟು, ಉಗುರುಸಂದಿಯನ್ನೂ ಬಿಡದೆ ಬೂದಿಯಿಂದ ಉಜ್ಜಿ ತೊಳೆದ. ದೋಣಿಯನ್ನು ಮೊದಲಿದ್ದಲ್ಲೇ ಮಗುಚಿ, ಎಳೆದ ಗುರುತನ್ನು ತಾಳೆಗರಿಯಿಂದ ಗುಡಿಸಿದ. ಸರಿದು ನಿಂತು ಸಾಲನ್ನು ನೋಡಿದ. ಎಣ್ಣೆ ಬಂದಂದಿನಿಂದ ಊರಿನ ಯಾವ ದೋಣಿಯ ತಳವೂ ಮರದ ಬಣ್ಣದಲ್ಲಿರಲಿಲ್ಲ, ಎಲ್ಲವೂ ಡಾಂಬರಿನ ಕಪ್ಪು. ಅವನದೂ ಕಪ್ಪು. ಸಮಾಧಾನವಾಗಿ ಹೋಗಿ ಮಲಗಿ, ಕಷಾಯ ಕುಡಿದ.

ಸೈನಿಕರ ದೋಣಿಗಳ ಸದ್ದು ಕೇಳಿ ಊರೆಲ್ಲ ದಡಕ್ಕೆ ಓಡಿತು. ಕಂಬಳಿ ಹೊದ್ದು ಡೌಯೆಯೂ ಹೋದ. ಆಹಾ, ಎಂಥ ನೋಟ. ಠಾಣೆಯ ಕ್ಯಾಪ್ಟನ್ ಬುಲಾಮಾನ ದೋಣಿಯಲ್ಲಿ ವೊಗು ಕೈಕೋಳ ತೊಟ್ಟು ಕೂತಿದ್ದ, ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡು. ಕೆಂಪು ಹಿಡಿಯ ಗರಗಸ ಕ್ಯಾಪ್ಟನ್‌ನ ಮಡಿಲಲ್ಲಿತ್ತು.

"ನಾನು ಮಲಗಿದ್ದೆ ಕಣ್ರೀ," ವೊಗು ಗೋಗರೆಯುತ್ತಿದ್ದ. "ಇದು ಈ ಊರಿನವರದೇ ಕೆಲಸ. ನಿಮಗೆ ಇವರು ಗೊತ್ತಿಲ್ಲ, ಕ್ಯಾಪ್ಟನ್."

"ಕಂಪನಿಯವರು ತಮ್ಮ ತಪ್ಪನ್ನ ಊರಿನ ಮೇಲೆ ಹಾಕ್ತಾರೆ ಅಂತ ಇಷ್ಟು ವರ್ಷ ಹೇಳ್ದೆ," ಎಂದಳು ಉಲೋಮಾ. "ಕ್ಯಾಪ್ಟನ್, ಕಂಡದ್ದನ್ನ ಕಂಡಂತೆ ಕೋರ್ಟಲ್ಲಿ ಹೇಳಿ, ಸಾಕು."

ಯಾರೋ ಅಳತೊಡಗಿದರು, ಯಾರೋ ಡೌಯೆಯ ಬೆನ್ನು ತಟ್ಟಿದರು. ಲಾಯೆಫಾ, ನೋಡಿದೆಯೇನೇ, ಎಂದು ಅವನು ಮನಸ್ಸಿನಲ್ಲೇ ಕರೆದ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಎದೆಯ ಉರಿ ತಣ್ಣಗಾಗಿತ್ತು.

"ನಮ್ಮೋರ ಕೆಲಸ ಅಂತೀಯೇನಯ್ಯಾ," ತಿಮಿಯೆಬಿ ಸೊಂಟಕ್ಕೆ ಸೆರಗು ಬಿಗಿದು ಮುಂದೆ ಬಂದಳು. "ಬಾ, ಕ್ಯಾಪ್ಟನ್. ಇವನನ್ನೂ ಕರ್ಕೊಂಡು ಬಾ. ಈ ವಾರ ನಮ್ಮ ಒಂದು ದೋಣಿ ನೀರು ಮುಟ್ಟಿದ್ರೆ ನನ್ನ ಮುಖಕ್ಕೆ ಉಗಿ."

ಅವಳು ದೋಣಿಗಳ ಸಾಲಿನ ಉದ್ದಕ್ಕೂ ನಡೆದಳು, ಊರು ಅವಳ ಹಿಂದೆ. ಮರಳುಗಾಡಿನ ಅಂಚಿನ ಊರಿನಿಂದ ಬಂದ ಬುಲಾಮಾ ಮೊದಲ ದೋಣಿಯ ತಳದ ಮೇಲೆ ಬೆರಳೆಳೆದ. ವಾರವಿಡೀ ಕೂತ ಕಂದು ಧೂಳು ಹಿಟ್ಟಿನಂತೆ ಎದ್ದು, ಕೆಳಗಿನ ಕಪ್ಪು ಗೆರೆಯಾಗಿ ಕಂಡಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. "ನೋಡ್ದ್ಯಾ," ಎನ್ನುತ್ತ ತಿಮಿಯೆಬಿ ಮುಂದೆ ಮುಂದೆ ಹೋದಳು, ಹಿಂದೆ ಬರುತ್ತಿದ್ದ ಡೌಯೆ ಆಗ ಮಾತ್ರ ತಲೆಯೆತ್ತಿ ಇಡೀ ಸಾಲನ್ನು ನೋಡಿದ: ಊರಿನ ದೋಣಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು, ಒಂದೇ ಒಂದು ಮಾತ್ರ ತೊಳೆದಿಟ್ಟಂತೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಕಪ್ಪನ್ನೇ ನೋಡಿ ನೋಡಿ ಅವನ ಕಣ್ಣು ಧೂಳನ್ನು ಕಾಣುವುದನ್ನೇ ಮರೆತಿತ್ತು. ತಿಮಿಯೆಬಿ ಅದರ ಮುಂದೆ ನಿಂತುಬಿಟ್ಟಳು, ಸೆರಗು ಹರಡಿ ಅದನ್ನು ಮುಚ್ಚಲು ಹೋದಳು, ಆದರೆ ಕ್ಯಾಪ್ಟನ್‌ನ ಬೆರಳು ಆಗಲೇ ತಳವನ್ನು ಮುಟ್ಟಿ ಹಸಿ ಎಣ್ಣೆ ಬಳಿದುಕೊಂಡು ಮೇಲೆದ್ದಿತ್ತು. "ಯಾರದು ಈ ದೋಣಿ?" ಎಂದು ಅವನು ಕೇಳಿದ. ಉಲೋಮಾ ಕಣ್ಣು ಮುಚ್ಚಿ ಮರಳಿನ ಮೇಲೆ ಕೂತಳು, ವೊಗು ಕೋಳ ತೊಟ್ಟ ಕೈಗಳನ್ನು ಕ್ಯಾಪ್ಟನ್‌ನತ್ತ ಮೆಲ್ಲಗೆ ಚಾಚಿದ. ತಿಮಿಯೆಬಿ ಅಳಿಯನ ಹತ್ತಿರ ಬಂದು, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು: "ಈ ವೊಗು ಹೇಳ್ದಾಗ ಯಾರೂ ನಂಬಿರ್ಲಿಲ್ಲ ಕಣೋ. ಇವತ್ತು ನೀನೇ ನನ್ನ ಮಗಳನ್ನ ಕಳ್ಳಿ ಮಾಡಿಬಿಟ್ಟೆ."